ಕಾಂತ ತಿರುಗಿಸಿದ ಮೇಲೆ ಉಳಿದದ್ದು

ನನ್ನ ಪಿಎಚ್.ಡಿ. ಮುಗಿಯಲು ಒಂಬತ್ತು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ನಾನೇ ಮಾಡಿಕೊಂಡ ತಪ್ಪಿಗೆ ಹೋದವು. ಉಳಿದ ಏಳು ಎಲ್ಲಿ ಹೋದವು ಎಂದು ಕೇಳಿದರೆ ಬಸ್ಸಿನಲ್ಲಿ, ಪರೀಕ್ಷಾ ಕೊಠಡಿಗಳಲ್ಲಿ, ಮೌಲ್ಯಮಾಪನದಲ್ಲಿ, ಚುನಾವಣಾ ಕೆಲಸದಲ್ಲಿ ಎಂದು ಹೇಳಬೇಕಾಗುತ್ತದೆ. ಎರಡು ವರ್ಷದ ಲೆಕ್ಕ ಮಾತ್ರ ನನಗೆ ಚೆನ್ನಾಗಿ ಗೊತ್ತು.

ಚಾಮರಾಜನಗರದ ಒಂದು ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಗುಂಡ್ಲುಪೇಟೆಯಲ್ಲಿ. ನನ್ನ ಗಂಡ ಅಲ್ಲಿನ ಮಾರ್ಕೆಟ್ಟಿನಲ್ಲಿ ತರಕಾರಿ ಕೊಂಡು ಕೇರಳದ ಲಾರಿಗಳಿಗೆ ತುಂಬಿಸುವವರು. ನಾನು ಏಳುವ ಹೊತ್ತಿಗೆ ಅವರು ಫೋನಿನಲ್ಲಿ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಬೀನ್ಸಿನ ಬಗ್ಗೆ ಯಾರೊಂದಿಗೋ ಜಗಳವಾಡುತ್ತಾ ಹೊರಟಿರುತ್ತಾರೆ. ನಾನು ಅತ್ತೆಗೆ ರಾಗಿ ಅಂಬಲಿ ಮಾಡಿಟ್ಟು, ಮಾತ್ರೆ ಕೊಟ್ಟು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿಯುತ್ತೇನೆ. ಹೋಗುತ್ತಾ ಪಾಠ ಓದಿಕೊಳ್ಳುತ್ತೇನೆ, ಬರುತ್ತಾ ನಿದ್ದೆ ಮಾಡುತ್ತೇನೆ. ಮದುವೆಯಾದಾಗಿನಿಂದ ಇದೇ ದಾರಿ.

ಅತ್ತೆ ಭೀಮನಬೀಡಿನವರು. ಬದುಕಿನ ಬಹುಭಾಗ ಅರಿಸಿನ, ಸಣ್ಣ ಈರುಳ್ಳಿ ಬೆಳೆದವರು. ಸಕ್ಕರೆ ಕಾಯಿಲೆ ಕಾಲಿಗಿಳಿದ ಮೇಲೆ ಜಮೀನನ್ನು ನಮ್ಮ ಭಾವನಿಗೆ ಬಿಟ್ಟು ನಮ್ಮ ಮನೆಗೆ ಬಂದರು. ಬಂದ ಮೊದಲ ವಾರವೇ ನನ್ನ ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಮೂರು ಕಪ್ಪು ಚೂರುಗಳಿದ್ದವು. ಒಂದೊಂದೂ ಎಳ್ಳುಕಾಳಿಗಿಂತ ಸ್ವಲ್ಪ ಉದ್ದ, ತೆಳ್ಳಗೆ, ಕನ್ನಡಿಯಂತೆ ಹೊಳೆಯುವಂಥವು.

"ಅದ್ಯಾನವ್ವ ಇದು?"

"ಹರಳು ಅತ್ತೆ. ಕಲ್ಲಿನ ಥರದ್ದು."

"ಇದ್ನ ನೋಡಕ್ಕೆ ಬೆಂಗಳೂರ್ಗಂಟ ಓಗ್ಬೇಕಾ? ನಮ್ಮೂರ್ ಗುಡ್ಡದಲ್ಲಿ ಬೇಕಾದಷ್ಟು ಬಿದ್ದದೆ."

"ಇದು ಪದರ ಪದರವಾಗಿರ್ತದೆ ಅತ್ತೆ. ಟೇಪ್ ಅಂಟಿಸಿ ಎಳೆದ್ರೆ ಒಂದೊಂದೇ ಪದರ ಬಿಟ್ಕೊಳ್ಳುತ್ತೆ, ಈರುಳ್ಳಿ ಸಿಪ್ಪೆ ಹಂಗೆ."

"ಈರುಳ್ಳಿ ಇಚಾರ ನಂಗೇಳ್ಬ್ಯಾಡ. ಸುಲೀತಾ ಓದ್ರೆ ಕಡೀಕೆ ಯಾನೂ ಇರದಿಲ್ಲ ಕಣವ್ವ," ಎಂದು ಡಬ್ಬಿ ವಾಪಸ್ಸು ಕೊಟ್ಟರು.

ಅವರಿಗೆ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಾಗಿ ಇಲ್ಲಿ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಆ ಹರಳುಗಳು ಪೂರ್ತಿ ಲೋಹವೂ ಅಲ್ಲ, ಅದರ ಪಕ್ಕದ ಮನೆಯವು. ಇಂಗ್ಲಿಷಿನಲ್ಲಿ ಟೊಪಲಾಜಿಕಲ್ ಸೆಮಿಮೆಟಲ್ ಎನ್ನುತ್ತಾರೆ. ಅವುಗಳೊಳಗೆ ಎಲೆಕ್ಟ್ರಾನುಗಳು ತೂಕವೇ ಇಲ್ಲದಂತೆ ಓಡಾಡುತ್ತವೆ, ಕಾಂತ ಹತ್ತಿರ ಬಂದರೆ ಬಹಳ ಬೇಗ ದಾರಿ ಬದಲಿಸುತ್ತವೆ. ಇಂಥ ಚೂರಿನ ಒಂದು ತುದಿಯನ್ನು ಸ್ವಲ್ಪ ಬಿಸಿ ಮಾಡಿ ಇನ್ನೊಂದು ತುದಿಯನ್ನು ತಣ್ಣಗಿಟ್ಟರೆ ಉದ್ದಕ್ಕೂ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ. ಮೇಲಿನಿಂದ ಕಾಂತಕ್ಷೇತ್ರ ಕೊಟ್ಟರೆ ಅಡ್ಡಕ್ಕೂ, ಅಂದರೆ ಎಡದಿಂದ ಬಲಕ್ಕೂ, ಒಂದು ವೋಲ್ಟೇಜು ಹುಟ್ಟುತ್ತದೆ. ನಾನು ಅಳೆಯುತ್ತಿದ್ದುದು ಈ ಅಡ್ಡ ವೋಲ್ಟೇಜನ್ನು. ಅದು ದೊಡ್ಡದಿದ್ದರೆ, ಮುಂದೊಂದು ದಿನ ಯಂತ್ರಗಳು ಸುಮ್ಮನೆ ಗಾಳಿಗೆ ಬಿಡುವ ಬಿಸಿಯಿಂದ ವಿದ್ಯುತ್ತು ತೆಗೆಯಬಹುದು ಎಂದು ಎಲ್ಲರೂ ಪ್ರಬಂಧದ ಮೊದಲ ಪ್ಯಾರಾದಲ್ಲಿ ಬರೆಯುತ್ತಾರೆ. ನಾನೂ ಬರೆದಿದ್ದೆ.

ಇದರಲ್ಲಿ ತಪ್ಪಿಸಬಾರದ ಒಂದು ಪರೀಕ್ಷೆ ಇದೆ. ಕಾಂತದ ದಿಕ್ಕನ್ನು ಮೇಲೆ ಕೆಳಗೆ ಮಾಡಿದರೆ ನಿಜವಾದ ಅಡ್ಡ ವೋಲ್ಟೇಜೂ ತಿರುಗಬೇಕು. ಪ್ಲಸ್ ಇದ್ದದ್ದು ಮೈನಸ್ ಆಗಬೇಕು. ಎಡಬಲದ ತಂತಿಗಳನ್ನು ಒಂದಕ್ಕೊಂದು ನೇರ ಎದುರಿಗೆ ಅಂಟಿಸದೆ ಕೂದಲೆಳೆಯಷ್ಟು ಓರೆ ಮಾಡಿದರೂ ಉದ್ದದ ವೋಲ್ಟೇಜು ಒಳಗೆ ನುಸುಳಿಕೊಳ್ಳುತ್ತದೆ. ಅದು ಕಾಂತ ತಿರುಗಿಸಿದರೂ ತಿರುಗುವುದಿಲ್ಲ. ಹಾಗಾಗಿ ಎರಡೂ ದಿಕ್ಕಿನಲ್ಲಿ ಅಳೆದು, ತಿರುಗಿದ್ದನ್ನು ಇಟ್ಟುಕೊಂಡು, ತಿರುಗದ್ದನ್ನು ಬಿಡಬೇಕು. ಎಂ.ಎಸ್ಸಿ. ಹುಡುಗಿಯರಿಗೂ ನಾನೇ ಇದನ್ನು ಪಾಠ ಮಾಡಿದ್ದೇನೆ.

ತಂತಿ ಅಂಟಿಸುವ ಕೆಲಸವನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡುತ್ತಿದ್ದೆ, ಶನಿವಾರ ಮಧ್ಯಾಹ್ನ, ಎಲ್ಲರೂ ಹೋದ ಮೇಲೆ. ಮೈಕ್ರೋಸ್ಕೋಪು ಪ್ರಾಣಿಶಾಸ್ತ್ರ ವಿಭಾಗದ್ದು. ಚಿನ್ನದ ತಂತಿ ಎಷ್ಟು ಸಣ್ಣದೆಂದರೆ ಉಸಿರು ಬಿಟ್ಟರೆ ಅಲ್ಲಾಡುತ್ತದೆ. ಫ್ಯಾನ್ ಹಾಕುವಂತಿಲ್ಲ, ಹರಳು ಹಾರಿಹೋಗುತ್ತದೆ. ಮಾರ್ಚ್ ತಿಂಗಳಲ್ಲಿ ಕಿಟಕಿ ಮುಚ್ಚಿ, ಬೆವರು ಹರಳಿನ ಮೇಲೆ ಬೀಳದಂತೆ ಹಣೆಗೆ ಕರ್ಚೀಫು ಕಟ್ಟಿಕೊಂಡು, ಬೆಳ್ಳಿಯ ಅಂಟನ್ನು ಸೂಜಿಮೊನೆಯಲ್ಲಿ ಇಡುತ್ತಿದ್ದೆ. ಒಂದು ಹರಳಿಗೆ ಆರು ತಂತಿ. ಕೆಲವೊಮ್ಮೆ ಐದು ಅಂಟಿಸಿ ಆರನೆಯದಕ್ಕೆ ಕೈ ಹಾಕುವಾಗ ಪದರವೇ ಎದ್ದು ಬರುತ್ತಿತ್ತು. ಆಗ ಅಳುವುದಕ್ಕೂ ಸಮಯವಿರುತ್ತಿರಲಿಲ್ಲ. ನಾಲ್ಕೂವರೆ ಬಸ್ಸು ತಪ್ಪಿದರೆ ಅತ್ತೆಯ ಸಂಜೆ ಮಾತ್ರೆ ತಪ್ಪುತ್ತಿತ್ತು.

ಅಳತೆ ನಡೆಯುತ್ತಿದ್ದುದು ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ. ಹರಳನ್ನು ತೀರಾ ತಣ್ಣಗಿಡಲು ಬೇಕಾದ ದ್ರವ ಹೀಲಿಯಂ ಅಲ್ಲಿ ಮಾತ್ರ ಸಿಗುತ್ತಿತ್ತು, ಅಷ್ಟು ಬಲದ ಕಾಂತವೂ ಅಲ್ಲೇ. ಹೊರಗಿನವರಿಗೆ ಆರು ತಿಂಗಳಿಗೊಮ್ಮೆ ಮೂರು ದಿನ ಕೊಡುತ್ತಿದ್ದರು. ಆರನೆಯ ವರ್ಷ ನಾನು ಎರಡು ಹರಳು ತೆಗೆದುಕೊಂಡು ಹೋದೆ. ಮೊದಲನೆಯದನ್ನು ಎರಡೂ ದಿಕ್ಕಿನಲ್ಲಿ ಸರಿಯಾಗಿ ಅಳೆದೆ. ಬಂದದ್ದು ಸಾಧಾರಣ ಸಂಖ್ಯೆ, ಯಾರೂ ತಿರುಗಿ ನೋಡದಂಥದ್ದು. ಎರಡನೆಯ ಹರಳನ್ನು ಮೂರನೆಯ ದಿನ ಬೆಳಿಗ್ಗೆ ಹೀಲಿಯಂ ಪಾತ್ರೆಯೊಳಗೆ ಇಳಿಸಿದೆವು. ಕಾಂತ ಏರುತ್ತಾ ಹೋದಂತೆ ಪರದೆಯ ಮೇಲೆ ಗೆರೆಯೂ ಏರುತ್ತಾ ಹೋಯಿತು. ನಿಲ್ಲಲೇ ಇಲ್ಲ. ಮೊದಲ ಹರಳಿನ ಆರು ಪಟ್ಟು.

ಉಪಕರಣ ನೋಡಿಕೊಳ್ಳುವ ಹೆಂಗಸು ನನ್ನ ವಯಸ್ಸಿನವರೇ. ಎದ್ದು ಬಂದು ನೋಡಿದರು. "ಚೆನ್ನಾಗಿ ಬಂದಿದೆಯಲ್ಲ ಮೇಡಂ," ಎಂದರು. ಆಮೇಲೆ ದಿಕ್ಕು ತಿರುಗಿಸಲು ಹೋದರೆ, ಕಾಂತಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಕೆಟ್ಟು ಕೂತಿತ್ತು. ಒಂದು ದಿಕ್ಕಿಗೆ ಹೋಗುತ್ತಿತ್ತು, ಇನ್ನೊಂದಕ್ಕೆ ಹೋಗುತ್ತಿರಲಿಲ್ಲ.

"ಇನ್ನೊಂದು ದಾರಿ ಇದೆ," ಎಂದರು ಆಕೆ. "ಹೊರಗೆ ತೆಗೆದು, ಹರಳನ್ನೇ ತಲೆಕೆಳಗು ಕೂರಿಸಿ ಮತ್ತೆ ಇಳಿಸೋಣ. ನಾಳೆ ಮಧ್ಯಾಹ್ನಕ್ಕೆ ರೆಡಿ ಆಗುತ್ತೆ. ನಾಳೆ ಯಾರೂ ಬುಕ್ ಮಾಡಿಲ್ಲ, ನೀವು ಇರಬಹುದು."

ಮರುದಿನ ನನಗೆ ಪರೀಕ್ಷಾ ಮೇಲ್ವಿಚಾರಣೆ ಇತ್ತು. ಅತ್ತೆಯನ್ನು ನೋಡಿಕೊಳ್ಳಲು ಬಂದಿದ್ದ ಓರಗಿತ್ತಿ ಅಂದೇ ಊರಿಗೆ ಹೊರಟಿದ್ದಳು. "ಬೇಡ, ಮುಂದಿನ ಸಲ ಮಾಡ್ತೀನಿ," ಎಂದೆ. ಆ ದಿನ ಉಳಿದುಬಿಟ್ಟಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಉಳಿಯಬಹುದಿತ್ತು. ಒಂದು ರಜೆ, ಒಂದು ಫೋನು. ಆದರೆ ಮೂರು ದಿನ ಅತಿಥಿಗೃಹದ ಹಾಸಿಗೆಯಲ್ಲಿ ಸರಿಯಾಗಿ ನಿದ್ದೆ ಬಂದಿರಲಿಲ್ಲ, ನನಗೆ ಮನೆಗೆ ಹೋಗಬೇಕಾಗಿತ್ತು. ನಿಜ ಹೇಳಬೇಕೆಂದರೆ ಗೆರೆ ಅಷ್ಟು ಚೆನ್ನಾಗಿ ಏರಿದ್ದನ್ನು ನೋಡಿದ ಮೇಲೆ ಇನ್ನೊಮ್ಮೆ ನೋಡುವ ಮನಸ್ಸೂ ಇರಲಿಲ್ಲ.

ನನ್ನ ಗೈಡು ಮೈಸೂರಿನ ಪ್ರೊಫೆಸರು. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಅವರ ವಿದ್ಯಾರ್ಥಿಗಳೆಲ್ಲ ಮುಗಿಸಿ ಹೋಗಿದ್ದರು, ಕೊನೆಯವಳು ನಾನೇ, ಅದೂ ಅರೆಕಾಲಿಕ. ಬಸ್ಸಿನಿಂದಲೇ ಫೋನು ಮಾಡಿ ಸಂಖ್ಯೆ ಹೇಳಿದೆ.

"ಇನ್ನೊಂದ್ಸಲ ಹೇಳಮ್ಮ," ಎಂದರು. ಹೇಳಿದೆ. "ಎರಡೂ ದಿಕ್ಕಾ?"

"ಒಂದೇ ಸರ್. ಸಪ್ಲೈ ಕೆಟ್ಟಿತ್ತು. ಮುಂದಿನ ಸಲ ಮಾಡ್ತೀನಿ."

"ಮಾಡು, ಮಾಡು. ಅಷ್ಟರಲ್ಲಿ ಬರೆಯೋಕೆ ಶುರು ಮಾಡು."

ಮುಂದಿನ ಸಲ ಬರಲಿಲ್ಲ. ಒಂದು ಸರದಿ ಚುನಾವಣೆಗೆ ಹೋಯಿತು, ಇನ್ನೊಂದಕ್ಕೆ ಹೀಲಿಯಂ ಬರಲಿಲ್ಲ. ಬರೆಯುವುದು ಮಾತ್ರ ಮುಗಿಯಿತು. ಗೈಡು ಎರಡು ಸಮ್ಮೇಳನಗಳಲ್ಲಿ ಆ ಗೆರೆಯನ್ನು ತೋರಿಸಿ ಬಂದರು. ಯಾರೋ ಎದ್ದು ನಿಂತು ಅಭಿನಂದಿಸಿದರಂತೆ. ಹೇಳುವಾಗ ಅವರ ದನಿಯಲ್ಲಿ ನಾನು ಹಿಂದೆಂದೂ ಕೇಳಿರದ ಒಂದು ಹಗುರವಿತ್ತು. ನಾವು ಪ್ರಬಂಧವನ್ನು ಒಂದು ಒಳ್ಳೆಯ ಪತ್ರಿಕೆಗೆ ಕಳಿಸಿದೆವು.

ಉತ್ತರ ಬಂದಾಗ ನಾನು ಪರೀಕ್ಷಾ ಕೊಠಡಿಯಿಂದ ಹೊರಬಂದು ವರಾಂಡದಲ್ಲಿ ನಿಂತಿದ್ದೆ. ಪರಿಶೀಲಕರು ಇಬ್ಬರು. ಮೊದಲನೆಯವರು ಹೊಗಳಿದ್ದರು. ಎರಡನೆಯವರು ಒಂದೇ ಸಾಲು ಕೇಳಿದ್ದರು: ಎರಡನೆಯ ಹರಳಿಗೆ ಕಾಂತದ ದಿಕ್ಕು ತಿರುಗಿಸಿದಾಗಿನ ಅಳತೆ ಎಲ್ಲಿ? ಎಷ್ಟೋ ತಿಂಗಳಿಂದ ಆ ಪ್ರಶ್ನೆಗಾಗಿ ಕಾಯುತ್ತಿದ್ದೆನೋ ಏನೋ.

ಗೈಡಿಗೆ ಫೋನು ಮಾಡಿದೆ.

"ಮೊದಲನೇ ಹರಳಿಗೆ ಇದೆಯಲ್ಲ, ಅದನ್ನ ಹಾಕು," ಎಂದರು. "ಎರಡನೆಯದೂ ಹಾಗೇ ನಡ್ಕೊಳ್ಳುತ್ತೆ ಅಂತ ಬರಿ. ಒಂದೇ ಬ್ಯಾಚಿನ ಹರಳು ತಾನೇ."

"ಹಾಗೆ ಬರೀಬಹುದಾ ಸರ್?"

"ಎಲ್ರೂ ಬರೀತಾರಮ್ಮ." ಆಮೇಲೆ, "ನನಗೂ ಇನ್ನು ಹೆಚ್ಚು ದಿನ ಇಲ್ಲ ಇಲ್ಲಿ. ಇದೊಂದು ಬಂದುಬಿಡಲಿ," ಎಂದರು.

ಅವರು ಕೆಟ್ಟವರಲ್ಲ. ದಣಿದಿದ್ದರು. ನಾನೂ ದಣಿದಿದ್ದೆ. ಇಬ್ಬರು ದಣಿದವರು ಸೇರಿದರೆ ಇಂಥ ಮಾತುಗಳು ಸಲೀಸಾಗಿ ಬಂದುಬಿಡುತ್ತವೆ.

ಆ ಭಾನುವಾರ ಸಂಜೆ ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಉತ್ತರ ಬರೆಯುತ್ತಿದ್ದೆ. ಅತ್ತೆ ಕುರ್ಚಿಯಲ್ಲಿ ಕೂತು ಪಾದ ಜುಮ್ಮೆನ್ನುತ್ತದೆ ಎಂದರು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡರೆ ಅವರಿಗೆ ಹಿತವೆನಿಸುತ್ತಿತ್ತು. ಅವರ ಪಾದಕ್ಕೆ ಬಿಸಿ ತಣ್ಣನೆ ಗೊತ್ತಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರಿಂದ ನೀರನ್ನು ನಾನೇ ಮೊಣಕೈಯಿಂದ ಮುಟ್ಟಿ ನೋಡಿ ಕೊಡುವುದು ರೂಢಿ. ಅಂದು ಗೀಸರ್ ನೀರನ್ನು ಬೇಸಿನ್ನಿಗೆ ಬಿಟ್ಟು ತಂದಿಟ್ಟೆ. ತಣ್ಣೀರು ಬೆರೆಸಬೇಕೆಂದುಕೊಂಡು ಮೇಜಿಗೆ ವಾಪಸ್ಸು ಬಂದೆ. ತಲೆಯೊಳಗೆ ಒಂದು ವಾಕ್ಯ ಓಡುತ್ತಿತ್ತು, ಅದನ್ನು ಮೊದಲು ಬರೆದುಬಿಡೋಣ ಎಂದು.

"ನೀರು ಸರ್ಯಾಗದಾ ಕಣವ್ವ?" ಎಂದು ಅತ್ತೆ ಕೇಳಿದರು.

"ಸರಿ ಇದೆ ಅತ್ತೆ," ಎಂದೆ. ತಲೆ ಎತ್ತಲಿಲ್ಲ.

ಅವರು ಕಾಲಿಟ್ಟರು. ಕೂಗಲಿಲ್ಲ, ಏನೂ ಇಲ್ಲ. ನಾನು ಬರೆಯುತ್ತಲೇ ಇದ್ದೆ. ಐದು ನಿಮಿಷವೋ, ಹತ್ತೋ. ಆಮೇಲೆ ಅತ್ತೆ, "ಇದ್ಯಾಕವ್ವ, ಕಾಲು ಕೆಂಪಗಾಗದೆ?" ಎಂದರು, ಬೇರೆ ಯಾರದೋ ಕಾಲಿನ ಬಗ್ಗೆ ಕೇಳುವ ಹಾಗೆ.

ಓಡಿಹೋಗಿ ನೋಡಿದೆ. ಬೇಸಿನ್ನಿನೊಳಗೆ ಕೈ ಹಾಕಿದವಳು ತಕ್ಷಣ ಹಿಂದಕ್ಕೆಳೆದುಕೊಂಡೆ. ಎರಡು ಪಾದಗಳೂ ಕಣಕಾಲಿನವರೆಗೆ ಕೆಂಪಾಗಿದ್ದವು. ಬಲಗಾಲಿನ ಬೆರಳುಗಳ ಮೇಲೆ ಚರ್ಮ ಸಡಿಲವಾಗಿ ಏಳುತ್ತಿತ್ತು. ನಲ್ಲಿಯ ಕೆಳಗೆ ಕೂರಿಸಿ ತಣ್ಣೀರು ಬಿಟ್ಟೆ. ಅತ್ತೆಯೇ ನನ್ನ ತಲೆ ಮುಟ್ಟಿ ಹೇಳಿದರು: "ಯಾಕಂಗ್ ನಡುಗಿಯೇ? ನಂಗ್ ನೋಯ್ನಿಲ್ಲ ಕಣವ್ವ. ಯಾನೂ ಗೊತ್ತಾಗ್ನಿಲ್ಲ."

ಗೊತ್ತಾಗದಿದ್ದುದೇ ತೊಂದರೆ. ಗುಂಡ್ಲುಪೇಟೆಯ ಆಸ್ಪತ್ರೆಯ ವೈದ್ಯರು ಪಾದ ನೋಡಿ, ಸಕ್ಕರೆ ಇರುವವರ ಸುಟ್ಟಗಾಯ ಬೇಗ ಮಾಯುವುದಿಲ್ಲ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಬೇಕು, ಕಪ್ಪಾದರೆ ತಕ್ಷಣ ಕರೆತನ್ನಿ ಎಂದರು. ನನ್ನ ಗಂಡ ಮಾರ್ಕೆಟ್ಟಿನಿಂದ ಓಡಿಬಂದವರು ಬಾಗಿಲಲ್ಲೇ ನಿಂತು, "ಹೆಂಗಾಯ್ತು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಾತಾಡಿದರು.

"ನಾನೇ ಕಣ್ಲಾ ಹುಯ್ಕೊಂಡೆ. ಅವಳು ತಣ್ಣೀರ್ ತರನ ತಡೀರಿ ಅಂದ್ಲು, ನಾನು ಕೇಳ್ನಿಲ್ಲ. ಕಾಲ್ ಇಟ್ಬುಟ್ಟೆ."

ನಾನು ಸುಮ್ಮನಿದ್ದೆ. ಆ ಕ್ಷಣದಲ್ಲಿ ಸುಮ್ಮನಿದ್ದದ್ದು ನೀರು ಮುಟ್ಟದೆ ಹೇಳಿದ ಮಾತಿಗಿಂತ ದೊಡ್ಡ ತಪ್ಪು ಎಂದು ಈಗಲೂ ಅನ್ನಿಸುತ್ತದೆ. ಗಂಡ ನನ್ನ ಮುಖ ನೋಡಿದರು. ಅಕ್ಕಪಕ್ಕದವರು ಬಂದಾಗಲೂ ಅತ್ತೆ ಅದೇ ಕತೆ ಹೇಳಿದರು. ಸಲ ಸಲಕ್ಕೂ ನನ್ನನ್ನು ಇನ್ನಷ್ಟು ಒಳ್ಳೆಯವಳಾಗಿ ಮಾಡುತ್ತಾ ಹೋದರು.

ಮೂರನೆಯ ದಿನ ಡ್ರೆಸ್ಸಿಂಗ್ ಮಾಡಿಸಿಕೊಂಡು ಆಟೋದಲ್ಲಿ ಬರುವಾಗ ನಾನೇ ಬಾಯಿಬಿಟ್ಟೆ.

"ಅತ್ತೆ, ಅವತ್ತು ನಾನು ನೀರು ಮುಟ್ಟಿ ನೋಡ್ಲಿಲ್ಲ."

"ನಂಗೊತ್ತಿಲ್ವಾ? ನೋಡ್ತಾ ಕೂತಿದ್ನಲ್ಲ."

"ಗೊತ್ತಿದ್ದೂ ಯಾಕೆ ಕಾಲಿಟ್ರಿ?"

"ನೀ ಸರಿ ಇದೆ ಅಂದ್ಯಲ್ಲವ್ವ," ಎಂದರು. ಕುಟುಕಲಿಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿದರು. ಆಮೇಲೆ, "ನೀನ್ಯಾನ ಬೇಕೂ ಅಂತ ಮಾಡಿದ್ಯಾ, ಬುಡು," ಎಂದು ಹೊರಗೆ ನೋಡತೊಡಗಿದರು.

ಆ ರಾತ್ರಿ ಊಟವಾದ ಮೇಲೆ ಗಂಡನಿಗೂ ನಿಜ ಹೇಳಿದೆ. "ಅವತ್ತೇ ಅಂದ್ಕೊಂಡೆ," ಎಂದಷ್ಟೇ ಹೇಳಿ ತಟ್ಟೆ ತೆಗೆದುಕೊಂಡು ಎದ್ದರು. ಆಮೇಲೆ ನಾಲ್ಕು ದಿನ ನನ್ನೊಂದಿಗೆ ಬೇಕಾದ್ದಷ್ಟೇ ಮಾತಾಡಿದರು. ಐದನೆಯ ದಿನ ಗಾಯಕ್ಕೆ ಹಚ್ಚುವ ಮುಲಾಮು ತಂದುಕೊಟ್ಟು, ಇದನ್ನು ದಿನಕ್ಕೆ ಎರಡು ಸಲವೋ ಮೂರು ಸಲವೋ ಎಂದು ಕೇಳಿದರು. ಅಲ್ಲಿಗೆ ಅದು ಮುಗಿಯಿತು, ಅವರ ಮಟ್ಟಿಗೆ.

ಪರಿಶೀಲಕರಿಗೆ ಬರೆದಿದ್ದ ಉತ್ತರ ಲ್ಯಾಪ್‌ಟಾಪಿನಲ್ಲಿ ಹಾಗೇ ಇತ್ತು. ತೆರೆದು ಓದಿದೆ. 'ಎರಡನೆಯ ಹರಳೂ ಹೀಗೆಯೇ ವರ್ತಿಸುತ್ತದೆ' ಎಂದು ಬರೆದಿದ್ದೆ. ಆ ವಾಕ್ಯವನ್ನು ಬರೆಯುತ್ತಿರುವಾಗಲೇ ನಾನು ಅತ್ತೆಗೆ ಸರಿ ಇದೆ ಎಂದದ್ದು. ನೋಡದೆ ಸರಿ ಎನ್ನುವುದು ಇನ್ನೊಂದು ಸಲ ನನ್ನಿಂದಾಗಲಿಲ್ಲ. ಇದು ದೊಡ್ಡ ಧೈರ್ಯವೇನಲ್ಲ. ಸುಳ್ಳು ಹೊತ್ತುಕೊಂಡು ತಿರುಗುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೇ. ಫೈಲು ಅಳಿಸಿ, ಪತ್ರಿಕೆಯವರಿಗೆ ಇನ್ನಷ್ಟು ಕಾಲಾವಕಾಶ ಕೇಳಿ, ಬೆಂಗಳೂರಿಗೆ ಸರದಿಗಾಗಿ ಬರೆದೆ.

ಎರಡನೆಯ ಹರಳು ಡಬ್ಬಿಯಲ್ಲಿ ಭದ್ರವಾಗಿತ್ತು, ಆರು ತಂತಿಗಳೂ ಹಾಗೇ ಅಂಟಿಕೊಂಡಿದ್ದವು. ಈ ಸಲ ಓರಗಿತ್ತಿಗೆ ಮೊದಲೇ ಹೇಳಿ ಐದು ದಿನಕ್ಕೆ ಕರೆಸಿಕೊಂಡು ಹೋದೆ. ಕರೆಂಟಿನ ಪೆಟ್ಟಿಗೆ ರಿಪೇರಿಯಾಗಿತ್ತು. ಬೆಳಿಗ್ಗೆ ಒಂದು ದಿಕ್ಕಿನಲ್ಲಿ ಕಾಂತ ಏರಿಸಿದೆವು. ಅದೇ ಗೆರೆ, ಅದೇ ಎತ್ತರ. ಇಳಿಸಿ, ದಿಕ್ಕು ಬದಲಿಸಿ, ಮತ್ತೆ ಏರಿಸಿದೆವು. ಗೆರೆ ಕೆಳಗೆ ಹೋಗಬೇಕಾಗಿತ್ತು.

ಮೇಲಕ್ಕೇ ಹೋಯಿತು. ಸ್ವಲ್ಪ ತಗ್ಗಿ, ಆದರೂ ಮೇಲಕ್ಕೆ.

ಆ ಹೆಂಗಸು ನನ್ನ ಪಕ್ಕದಲ್ಲಿ ಕೂತಿದ್ದರು. ಅವರು ಎದ್ದು ಹೋಗಿ ಎರಡು ಲೋಟ ಕಾಫಿ ತಂದರು. "ಕಾಂಟ್ಯಾಕ್ಟ್ ಓರೆ ಇರಬೇಕು ಮೇಡಂ," ಎಂದರು ಮೆಲ್ಲಗೆ. ಆರರಲ್ಲಿ ಐದು ಪಾಲು ಉದ್ದದ ವೋಲ್ಟೇಜು ನುಸುಳಿದ್ದು. ತಿರುಗಿದ ಒಂದು ಪಾಲು ಮಾತ್ರ ನಿಜ. ಅಂದರೆ ಎರಡನೆಯ ಹರಳೂ ಮೊದಲನೆಯದರಷ್ಟೇ ಸಾಧಾರಣ. ಸಂಜೆ ಹರಳನ್ನು ಹೊರಗೆ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ಎಡಗಡೆಯ ಅಂಟು ಬಲಗಡೆಯದಕ್ಕಿಂತ ಮುಂದಿತ್ತು. ಒಮ್ಮೆ ಕಂಡ ಮೇಲೆ ಅದು ಕಾಣದೇ ಇದ್ದದ್ದು ಹೇಗೆ ಎಂದು ಅರ್ಥವೇ ಆಗಲಿಲ್ಲ. ಯಾವ ಶನಿವಾರ ಅದನ್ನು ಅಂಟಿಸಿದ್ದೆ, ಎಷ್ಟು ಹೊತ್ತಿನಲ್ಲಿ, ನೆನಪಾಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಇದನ್ನು ಫೋನಿನಲ್ಲಿ ಹೇಳುವುದು ಬೇಡ ಎಂದು ಬೆಂಗಳೂರಿನಿಂದ ನೇರವಾಗಿ ಮೈಸೂರಿಗೆ ಹೋದೆ. ಗೈಡಿನ ಕೋಣೆಯಲ್ಲಿ ಜವಾನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದ. ಬೀಳ್ಕೊಡುಗೆ ಸಮಾರಂಭಕ್ಕೆ ಎರಡು ವಾರವಿತ್ತು. ಅಂದು ಅವರು ಮಾಡಬೇಕಿದ್ದ ಉಪನ್ಯಾಸದ ವಿಷಯ ಇದೇ, ನಮ್ಮ ಅಡ್ಡ ವೋಲ್ಟೇಜು. ನಾನು ಎರಡು ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಮುದ್ರಿಸಿಕೊಂಡು ಹೋಗಿದ್ದೆ. ಮೇಜಿನ ಮೇಲಿಟ್ಟೆ.

ಕನ್ನಡಕ ಹಾಕಿಕೊಂಡು ನೋಡಿದರು. ವಿವರಿಸುವ ಅಗತ್ಯವೇ ಬರಲಿಲ್ಲ.

"ನಾನು ಎಲ್ರಿಗೂ ಹೇಳ್ಬಿಟ್ಟಿದ್ದೀನಮ್ಮ," ಎಂದರು.

"ತಪ್ಪಾಯ್ತು ಸರ್. ಅವತ್ತು ಒಂದು ದಿನ ಉಳಿದಿದ್ರೆ..."

"ಆ ಮಾತು ಬಿಡು." ಹಾಳೆಯನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು, ತಲೆಕೆಳಗು ಹಿಡಿದರೆ ಬೇರೆ ಏನಾದರೂ ಕಾಣಬಹುದೇನೋ ಎಂಬಂತೆ. "ನೀನು ಒಂದೇ ದಿಕ್ಕು ಅಂತ ನನಗೆ ಮೊದಲನೇ ದಿನವೇ ಹೇಳಿದ್ದೆ. ಮೂವತ್ತೈದು ವರ್ಷ ಇದನ್ನೇ ಮಾಡಿದವನು ನಾನು. ಕೇಳಿಸ್ಕೊಂಡೂ ಕೇಳಿಸ್ಕೊಳ್ಳದ ಹಾಗಿದ್ದೆ." ಆಮೇಲೆ ಪೆಟ್ಟಿಗೆ ತುಂಬುತ್ತಿದ್ದ ಜವಾನನನ್ನು ಹೊರಗೆ ಕಳಿಸಿ, ಕುರ್ಚಿ ಎಳೆದುಕೊಂಡು, ಪ್ರಬಂಧ ವಾಪಸ್ಸು ತೆಗೆದುಕೊಳ್ಳುತ್ತೇವೆ ಎಂಬ ಪತ್ರವನ್ನು ಅವರೇ ಟೈಪು ಮಾಡಿದರು. ಎರಡು ಬೆರಳಿನಲ್ಲಿ, ನಿಧಾನಕ್ಕೆ. ಕಾರಣ ಬರೆದರು. ನನ್ನ ಹೆಸರಿಗಿಂತ ಮೊದಲು ಅವರ ಹೆಸರು ಹಾಕಿದರು. ನಾನು ಬೇಡ ಎಂದೆ. "ಕೀರ್ತಿ ಬರೋವಾಗ ನಿನ್ನ ಹೆಸರು ಮುಂದಿತ್ತಲ್ಲ, ತಪ್ಪಿಗೆ ನನ್ನದಿರಲಿ," ಎಂದರು. ನಕ್ಕಂತೆ ಮಾಡಿದರು, ನಗಲಿಲ್ಲ.

ಬೀಳ್ಕೊಡುಗೆಯ ದಿನ ಅವರು ಬೇರೆ ಏನೋ ಹಳೆಯ ವಿಷಯದ ಮೇಲೆ ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾತು ಮುಗಿಸುವ ಮೊದಲು, ಸಮ್ಮೇಳನದಲ್ಲಿ ತಾವು ತೋರಿಸಿದ್ದ ಒಂದು ಫಲಿತಾಂಶ ತಪ್ಪಾಗಿತ್ತೆಂದೂ ಅದನ್ನು ತಮ್ಮ ವಿದ್ಯಾರ್ಥಿನಿಯೇ ಕಂಡುಹಿಡಿದಳೆಂದೂ ಹೇಳಿದರು. ಕೆಲವರು ಚಪ್ಪಾಳೆ ತಟ್ಟಿದರು. ಆಮೇಲೆ ಎಷ್ಟೋ ತಿಂಗಳು ಅವರು ನನಗೆ ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು, ಇಡುತ್ತಿದ್ದರು. ಅಂದು ಎಲ್ಲರೆದುರು ತಪ್ಪು ಒಪ್ಪಿಕೊಂಡವರೂ ಹೀಗೆ ದೂರವಾದವರೂ ಅವರೇ ಎಂದು ಒಪ್ಪಿಕೊಳ್ಳಲು ನನಗೆ ಕಾಲ ಹಿಡಿಯಿತು.

ಅತ್ತೆಯ ಎಡಗಾಲು ಎರಡು ತಿಂಗಳಲ್ಲಿ ಮಾಯಿತು. ಬಲಗಾಲಿನ ಕಿರುಬೆರಳು ಮಾಯಲಿಲ್ಲ, ಕಪ್ಪಾಯಿತು. ಮೈಸೂರಿಗೆ ಕರೆದೊಯ್ದು ತೆಗೆಸಬೇಕಾಯಿತು. ಆಸ್ಪತ್ರೆಯಿಂದ ಬಂದ ದಿನ ಅತ್ತೆ ಕಾಲು ಚಾಚಿ ಬ್ಯಾಂಡೇಜು ನೋಡಿಕೊಂಡು, "ಎಪ್ಪತ್ತು ವರ್ಸ ನಡೆದದೆ ಪಾಪ. ಅದಕ್ಕೂ ಸಾಕಾಗಿತ್ತು," ಎಂದರು. ನಾನು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡು ಬಂದೆ. ಮೆತ್ತನೆಯ ಚಪ್ಪಲಿ ಮಾಡಿಸಿದೆವು. ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು ಓಡಾಡತೊಡಗಿದರು. ಅರಿಸಿನ ಬೇಯಿಸುವ ಕಾಲಕ್ಕೆ ಭೀಮನಬೀಡಿಗೆ ಹೋಗಿಬರುತ್ತೇನೆಂದು ಹಟ ಹಿಡಿದರು. ಭಾವ ಬಂದು ಕರೆದೊಯ್ದರು. ಹದಿನೈದು ದಿನ ಇದ್ದು, ಅಲ್ಲಿಯ ಸೊಸೆಗೆ ಏನೂ ಬರುವುದಿಲ್ಲ ಎಂದು ದೂರುತ್ತಾ ವಾಪಸ್ಸು ಬಂದರು.

ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಹೊಸ ಹರಳು, ಹೊಸ ತಂತಿ. ತಂತಿ ಅಂಟಿಸಿದ ಮೇಲೆ ಪ್ರತಿಯೊಂದರ ಫೋಟೋ ತೆಗೆದು, ಗೆರೆ ಎಳೆದು, ನೇರವಿದೆಯೇ ಎಂದು ನೋಡಿ, ಇಲ್ಲದಿದ್ದರೆ ಎಲ್ಲವನ್ನೂ ತೆಗೆದು ಮತ್ತೆ ಅಂಟಿಸುತ್ತಿದ್ದೆ. ಬಸ್ಸು ತಪ್ಪಿದರೆ ತಪ್ಪಲಿ ಎಂದು ಗಂಡನಿಗೆ ಮಾತ್ರೆಯ ಜವಾಬ್ದಾರಿ ಕೊಟ್ಟೆ. ಅದನ್ನು ಆರು ವರ್ಷ ಮೊದಲೇ ಕೊಡಬಹುದಿತ್ತು, ಅವರು ಬೇಡವೆನ್ನುತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಎರಡು ವರ್ಷದಲ್ಲಿ ನಾಲ್ಕು ಸರದಿ, ಐದು ಹರಳು. ಎಲ್ಲವೂ ಎರಡೂ ದಿಕ್ಕಿನಲ್ಲಿ. ಬಂದದ್ದು ಅದೇ ಸಣ್ಣ ಸಂಖ್ಯೆ, ಆದರೆ ಐದರಲ್ಲೂ ಅದೇ ಬಂದಿತು. ಪದರಗಳ ಉದ್ದಕ್ಕೆ ಕಾಂತ ಇಟ್ಟಾಗ ಏನಾಗುತ್ತದೆ, ಅಡ್ಡಕ್ಕೆ ಇಟ್ಟಾಗ ಏನಾಗುತ್ತದೆ ಎಂದು ಹೋಲಿಸಿ ಬರೆದೆ. ಒಂದು ಚಿಕ್ಕ ಪತ್ರಿಕೆಯಲ್ಲಿ ಬಂದಿತು. ಈವರೆಗೆ ಅದನ್ನು ಓದಿದವರು ಬಹಳ ಮಂದಿ ಇರಲಾರರು.

ಪಿಎಚ್.ಡಿ. ಮಹಾಪ್ರಬಂಧದ ಮೌಖಿಕ ಪರೀಕ್ಷೆಗೆ ಗೈಡು ಬಂದರು, ನಿವೃತ್ತರಾಗಿ, ಇನ್ನಷ್ಟು ತೆಳ್ಳಗಾಗಿ. ಪರೀಕ್ಷಕರು ತಪ್ಪಾದ ಆ ಅಳತೆಯ ಅಧ್ಯಾಯವನ್ನು ಯಾಕೆ ಪ್ರಬಂಧದಲ್ಲಿ ಉಳಿಸಿಕೊಂಡಿದ್ದೀರಿ, ತೆಗೆಯಬಹುದಿತ್ತಲ್ಲ ಎಂದು ಕೇಳಿದರು. ಮುಂದೆ ಇದೇ ಹರಳು ಅಳೆಯುವವರಿಗೆ ಬೇಕಾಗಬಹುದು ಎಂದೆ. ಗೈಡು ಕಿಟಕಿಯ ಕಡೆ ನೋಡುತ್ತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಊಟ ಮಾಡಿದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. ಇಬ್ಬರೂ ಹೋಟೆಲಿಗೆ ಹೋಗಿ ಊಟ ಮಾಡಿದೆವು. ಅವರ ಮೊಮ್ಮಗಳು ಭೌತಶಾಸ್ತ್ರ ಬೇಡವೆಂದು ಕಾನೂನು ಓದುತ್ತಿದ್ದಾಳೆಂದು ಹೇಳಿದರು. ಒಳ್ಳೆಯದು ಸರ್ ಎಂದೆ. ಹೌದು ಎಂದರು.

ಪಿಎಚ್.ಡಿ. ಬಂದರೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ನಿದ್ದೆ ಬಂದಿತು. ಎರಡು ಭಾನುವಾರ ಮಧ್ಯಾಹ್ನವೆಲ್ಲ ಮಲಗಿದೆ. ಮೂರನೆಯ ಭಾನುವಾರ ಬೆಳಿಗ್ಗೆ ಎದ್ದು ಮೇಜಿನ ಮುಂದೆ ಕೂತರೆ ಮಾಡಲು ಏನೂ ಇರಲಿಲ್ಲ, ಕೈಗಳು ಮಾತ್ರ ಏನನ್ನೋ ಹುಡುಕುತ್ತಿದ್ದವು. ಗಂಡ ಅದನ್ನು ನೋಡಿ, "ಬೆಟ್ಟಕ್ಕೋಗನ ನಡಿ," ಎಂದರು.

ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ ನಮ್ಮ ಬೈಕಿನಲ್ಲಿ, ಅಲ್ಲಿಂದ ಮೇಲಕ್ಕೆ ಸರ್ಕಾರಿ ಬಸ್ಸಿನಲ್ಲಿ. ಮೇಲೆ ಮೋಡ ಕವಿದು ಹತ್ತು ಹೆಜ್ಜೆ ಮುಂದೆ ಕಾಣುತ್ತಿರಲಿಲ್ಲ. ದೇವಸ್ಥಾನದ ಹಿಂದಿನ ಕಟ್ಟೆಯ ಮೇಲೆ ಕೂತೆವು. ಕೆಳಗೆ ಎಲ್ಲೋ ಆನೆಗಳಿವೆಯೆಂದು ಯಾರೋ ಹೇಳುತ್ತಿದ್ದರು, ನಮಗೇನೂ ಕಾಣಲಿಲ್ಲ. ಗಂಡ ಕಾಗದದಲ್ಲಿ ಕಟ್ಟಿಸಿಕೊಂಡು ಬಂದಿದ್ದ ಇಡ್ಲಿ ಬಿಚ್ಚಿದರು. ತಣ್ಣಗಾಗಿತ್ತು. ಚಳಿಗೆ ನಾನು ಸೆರಗು ಹೊದ್ದುಕೊಂಡೆ.

"ಈಗ ಏನ್ ಮಾಡ್ತೀಯ?" ಎಂದು ಕೇಳಿದರು.

"ಗೊತ್ತಿಲ್ಲ. ನಾಳೆ ಪ್ರಾಕ್ಟಿಕಲ್ಸ್ ಇದೆ."

"ಸರಿ," ಎಂದು ಅವರು ಇಡ್ಲಿ ನನ್ನ ಕಡೆ ಸರಿಸಿದರು. ಮೋಡ ಸರಿಯುವವರೆಗೂ ಅಲ್ಲೇ ಕೂತಿದ್ದು, ಹನ್ನೊಂದರ ಬಸ್ಸಿಗೆ ಇಳಿದೆವು.